ಕಂಡ ಹಡಗನ್ನು ಮಾತ್ರ ಬರೆದವಳು

ನನ್ನ ಹಳೆಯ ಗೆಳತಿ ರಾಗ್ನಿ ತೀರಿಕೊಂಡು ಇಂದಿಗೆ ಮೂರು ವಾರ. ಅವಳ ಅಡುಗೆಮನೆಯ ಕಪಾಟಿನಲ್ಲಿ ಕೊಕ್ಕೆಗಳಿಗೆ ನೇತುಬಿದ್ದಿದ್ದ ಆರು ಪಿಂಗಾಣಿ ಕಪ್ಪುಗಳು ಈಗ ನನ್ನ ಮನೆಯಲ್ಲಿವೆ. ಇಲ್ಲಿ ಅವು ಸದ್ದು ಮಾಡುವುದಿಲ್ಲ. ನನ್ನ ಮನೆ ಚರ್ಚಿನ ಹಿಂದಿನ ಗುಡ್ಡದ ಮೇಲಿದೆ, ನೀರಿನಿಂದ ದೂರ.

ನಮ್ಮ ಸ್ವೆಲ್ವಿಕ್‌ನಲ್ಲಿ ಸಮುದ್ರದ ತೋಳು ಇದ್ದಕ್ಕಿದ್ದಂತೆ ಕಿರಿದಾಗುತ್ತದೆ. ಡ್ರಾಮ್ಮೆನ್ ಬಂದರಿಗೆ ಹೋಗುವ ಯಾವ ಹಡಗಾದರೂ ಈ ಇಕ್ಕಟ್ಟಿನಲ್ಲಿ ನುಸುಳಿಯೇ ಹೋಗಬೇಕು. ಈ ದಡದಿಂದ ಆ ದಡಕ್ಕೆ ಜನರನ್ನೂ ಕಾರುಗಳನ್ನೂ ದಾಟಿಸುವ ಫೆರಿಯಲ್ಲಿ ರಾಗ್ನಿ ಮೂವತ್ತೊಂದು ವರ್ಷ ದುಡಿದಳು. ಮೊದಲು ಹಗ್ಗ ಕಟ್ಟುವ ಕೆಲಸ, ಆಮೇಲೆ ಚುಕ್ಕಾಣಿ. ದಾಟಲು ಐದು ನಿಮಿಷ ಸಾಕು. "ಮೂವತ್ತೊಂದು ವರ್ಷ ಹಡಗು ನಡೆಸ್ದೆ ಮಾರಾಯ, ಹೋಗಿ ಸೇರಿದ್ದು ಮಾತ್ರ ಎದುರುಮನೆ" ಎಂದು ನಗುತ್ತಿದ್ದಳು.

ದೊಡ್ಡ ಹಡಗು ಬರುವಾಗ ಫೆರಿ ದಡದಲ್ಲೇ ಕಾಯಬೇಕು. ಇಕ್ಕಟ್ಟಿನ ನೀರಿನ ಸೆಳೆತದಲ್ಲಿ ದೊಡ್ಡದಕ್ಕೆ ನಿಲ್ಲಲು ಆಗುವುದಿಲ್ಲ. ಹೀಗಾಗಿ ಹಡಗುಗಳ ದಾರಿ ನೋಡುವುದು ಅವಳ ಮೈಗೆ ಹತ್ತಿತ್ತು. ನಿವೃತ್ತಿಯಾದ ತಿಂಗಳೇ ಮನೆಯ ಮಾಡಿನ ಮೇಲೆ ಆಂಟೆನಾ ಹಾಕಿಸಿದಳು. ಹಡಗುಗಳು ತಾವಿರುವ ಜಾಗವನ್ನೂ ವೇಗವನ್ನೂ ಸಾರುತ್ತಲೇ ಇರುತ್ತವೆ. ಆ ಸಂಕೇತ ಅವಳ ಕಂಪ್ಯೂಟರಿನ ನಕ್ಷೆಯ ಮೇಲೆ ಪುಟ್ಟ ಬಾಣವಾಗಿ ತೆವಳುತ್ತಿತ್ತು.

ಇಲ್ಲಿ ಎಲ್ಲರೂ ಬ್ಯಾಟರಿ ಕಾರಿಗೆ ಬದಲಾಯಿಸುತ್ತಿದ್ದ ವರ್ಷಗಳವು. ಚೀನಾದಲ್ಲಿ ಹಡಗು ಹತ್ತಿದ ಕಾರಿಗಾಗಿ ಜನ ಎರಡು ತಿಂಗಳು ಕಾಯುತ್ತಿದ್ದರು. ಅಂಗಡಿಯವರನ್ನು ಕೇಳಿದರೆ "ಬರುತ್ತೆ" ಅನ್ನುವುದಕ್ಕಿಂತ ಹೆಚ್ಚಿನ ಉತ್ತರವಿಲ್ಲ. ರಾಗ್ನಿ ಅಂತರ್ಜಾಲದಲ್ಲಿ ಒಂದು ಪುಟ ತೆರೆದು, ಯಾವ ಹಡಗು ಎಲ್ಲಿದೆ, ನೀರಲ್ಲಿ ಎಷ್ಟು ಆಳ ಇಳಿದಿದೆ, ಹಾಗಾದರೆ ಹೊಟ್ಟೆಯಲ್ಲಿ ಕಾರುಗಳು ಇನ್ನೂ ಇವೆಯೋ ಬೇರೆಲ್ಲೋ ಇಳಿಸಿಬಿಟ್ಟರೋ ಎಂದು ದಿನಾ ಬರೆಯತೊಡಗಿದಳು. ಎರಡು ಸಾವಿರ ಜನ ಅದನ್ನು ಓದುತ್ತಿದ್ದರು. ಬೆಳಿಗ್ಗೆ ನಾನು ಕಾಫಿಗೆ ಹೋದಾಗ ರೊಟ್ಟಿಯ ಮೇಲೆ ಕಂದು ಚೀಸ್ ಹೆರೆಯುತ್ತಲೇ, "ನಮ್ಮ ಹಡಗು ಆಫ್ರಿಕಾ ಸುತ್ತಿತು ಕಣೋ" ಅನ್ನುವಳು. ನಮ್ಮ ಹಡಗು! ಅವಳಿಗೆ ಕಾರು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮೊದಲ ಚಳಿಗಾಲದಲ್ಲೇ ಅವಳು ಎಡವಿದಳು. ಹಡಗು ಎಲ್ಲಿಗೆ ಹೊರಟಿದೆ ಎಂಬುದನ್ನು ಹಡಗಿನ ಅಧಿಕಾರಿ ಕೈಯಲ್ಲಿ ಟೈಪ್ ಮಾಡಬೇಕು. ಒಂದು ಹಡಗಿಗೆ ನಡುದಾರಿಯಲ್ಲಿ ಬೇರೆ ಬಂದರಿಗೆ ಹೋಗಲು ಹೇಳಿದ್ದರು. ಅಧಿಕಾರಿ ಊರಿನ ಹೆಸರು ತಿದ್ದುವುದನ್ನು ಮರೆತಿದ್ದ. ಪರದೆ ಡ್ರಾಮ್ಮೆನ್ ಎಂದಿತು. ಸೋಮವಾರ ಬರುತ್ತದೆ ಎಂದು ರಾಗ್ನಿ ಬರೆದಳು.

ಅದನ್ನು ನಂಬಿದವರಲ್ಲಿ ತೂರುನ್ ಒಬ್ಬಳು. ನೂಮೆಡಾಲ್ ಕಣಿವೆಯಲ್ಲಿ ಮನೆಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ ದಾದಿ. ಹಳೆಯ ಕಾರು ಮಾರಿ, ಬಸ್ಸು ಹಿಡಿದು ಬಂದರಿಗೆ ಬಂದಳು. ಹಡಗು ಬಂದದ್ದು ಹನ್ನೊಂದು ದಿನ ತಡವಾಗಿ. ಅಷ್ಟೂ ದಿನ ಅವರಿವರ ಕಾರು ಕೇಳಿ ಓಡಾಡಿದಳು. ಕಾರು ಸಿಗದ ಒಂದು ದಿನ, ಗುಡ್ಡದ ಮೇಲೆ ಕುರಿ ಸಾಕಿಕೊಂಡು ಒಂಟಿಯಾಗಿದ್ದ ಮುದುಕನೊಬ್ಬ ಅಡುಗೆಮನೆಯಲ್ಲಿ ಬಿದ್ದ. ಮಾರನೆಯ ದಿನದವರೆಗೆ ನೆಲದ ಮೇಲೇ ಇದ್ದ. ಜೀವ ಉಳಿಯಿತು. ಮನೆಗೆ ಮಾತ್ರ ಅವನು ಮರಳಲಿಲ್ಲ, ಕುರಿಗಳನ್ನು ಬೇರೆಯವರು ಕೊಂಡುಹೋದರು.

ತೂರುನ್ ಬೈಯಲಿಲ್ಲ. ಫೋನಿನಲ್ಲಿ "ಕಾರು ಮಾರಿದ್ದು ನಾನು ತಾನೆ" ಎಂದಳಂತೆ. "ನಂಬಿದ್ದು ನನ್ನ ಮಾತನ್ನ" ಎಂದು ರಾಗ್ನಿ ಫೋನಿಟ್ಟಳು.

ಆಮೇಲೆ ಅವಳು ಪರದೆಯನ್ನು ನಂಬಿ "ಬರುತ್ತದೆ" ಎಂದಾಗಲಿ "ಬಂತು" ಎಂದಾಗಲಿ ಯಾವತ್ತೂ ಬರೆಯಲಿಲ್ಲ. ಬಾಣ ಹತ್ತಿರವಾದಾಗ ಕೋಟು ತೊಟ್ಟು ದಡಕ್ಕೆ ಇಳಿಯುವಳು. ಹಡಗು ಇಕ್ಕಟ್ಟು ದಾಟಿ, ಅದರ ಬೆನ್ನು ಕಂಡ ಮೇಲೆ ಮನೆಗೆ ಬಂದು ಒಂದೇ ಪದ ಬರೆಯುವಳು: ಕಂಡೆ. ಜನ ಆ ಪದಕ್ಕಾಗಿ ಕಾಯುತ್ತಿದ್ದರು. ಅದು ಬರುವವರೆಗೆ ಯಾರೂ ಮನೆ ಬಿಟ್ಟು ಹೊರಡುತ್ತಿರಲಿಲ್ಲ.

ನಾಲ್ಕು ವರ್ಷ ಹೀಗೆ ನಡೆಯಿತು. ಈ ವರ್ಷ ಮೇ ತಿಂಗಳಲ್ಲಿ ಅವಳಿಗೆ ಕ್ಯಾನ್ಸರ್ ಎಂದು ತಿಳಿಯಿತು. ಅಕ್ಟೋಬರಿನ ಹೊತ್ತಿಗೆ ಮಂಚವನ್ನು ಅಡುಗೆಮನೆಯ ಕಿಟಕಿಯ ಪಕ್ಕಕ್ಕೆ ತಂದೆವು. ಪರದೆಯ ಮೇಲಿನ ಅಕ್ಷರ ಅವಳಿಗೆ ಕಾಣುತ್ತಿರಲಿಲ್ಲ, ನಾನು ಓದಿ ಹೇಳುತ್ತಿದ್ದೆ. ಆ ವಾರ ಬರಬೇಕಿದ್ದ ನೀಲಿ ಹಡಗಿನಲ್ಲಿ ತೂರುನ್‌ಳ ಎರಡನೆಯ ಕಾರು ಇತ್ತು. "ರಾಗ್ನಿ ಕಂಡೆ ಅನ್ನೋವರೆಗೂ ಹಳೇ ಕಾರಿನ ಕೀಲಿ ಯಾರಿಗೂ ಕೊಡಲ್ಲ" ಎಂದು ಅವಳು ಪುಟದಲ್ಲಿ ಬರೆದಿದ್ದಳು. ಅದನ್ನು ಓದಿ ಹೇಳಿದಾಗ ರಾಗ್ನಿ ಮತ್ತೊಮ್ಮೆ ಓದಿಸಿದಳು. ಈ ಹಡಗೊಂದನ್ನು ನೋಡಿಬಿಡಬೇಕು ಎಂದಳು. ಬೇರೇನೂ ಅವಳು ಕೇಳಲಿಲ್ಲ.

ಹಡಗು ಇಕ್ಕಟ್ಟಿನ ಹೊರಗಿನ ನೀರಿಗೆ ಬಂದು ಮುಟ್ಟಿದ ದಿನವೇ ಮಂಜು ಇಳಿಯಿತು. ಎದುರು ದಡ ಮಾಯವಾಯಿತು. ಬಾಣ ನಿಂತಲ್ಲೇ ನಿಂತಿತು. ಮಂಜಿನಲ್ಲಿ ಅಷ್ಟು ದೊಡ್ಡ ಹಡಗನ್ನು ಇಲ್ಲಿ ನುಗ್ಗಿಸುವುದಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವಳ ಉಸಿರು ಬದಲಾದದ್ದು ನನಗೆ ಕೇಳಿಸಿತು. ಇನ್ನು ಹೆಚ್ಚು ಹೊತ್ತಿಲ್ಲ ಅನ್ನಿಸಿತು. ಕೋಟು ಹಾಕಿಕೊಂಡು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಒಳಗೆ ಬಂದೆ.

"ರಾಗ್ನಿ, ಬಂತು. ಈಗ ತಾನೆ ದಾಟಿತು."

ಅವಳು ಕಣ್ಣು ತೆರೆಯಲಿಲ್ಲ. "ಕಂಡ್ಯಾ?"

"ಕಂಡೆ. ನೀಲಿ. ತುಂಬಾ ದೊಡ್ಡದು."

"ಈ ಮಂಜಲ್ಲಿ?"

"ಒಂದು ಗಳಿಗೆ ತಿಳಿಯಾಗಿತ್ತು."

"ಹಾಲ್ವರ್," ಎಂದಳು. ತುಟಿಯ ಕೊನೆಯಲ್ಲಿ ನಗು ಇತ್ತು. "ಲೈಬ್ರರಿಲಿ ಕೂತು ನಲವತ್ತು ವರ್ಷ ಕಥೆ ಓದಿದೀಯ, ಒಂದು ಸುಳ್ಳು ನೆಟ್ಟಗೆ ಹೇಳೋಕೆ ಬರಲ್ವಲ್ಲೋ. ಕಪ್ಪು ಅಲ್ಲಾಡಲೇ ಇಲ್ಲ."

ಅಷ್ಟು ವರ್ಷ ಆ ಮನೆಯಲ್ಲಿ ಕಾಫಿ ಕುಡಿದವನು ನಾನು. ದೊಡ್ಡ ಹಡಗು ದಾಟುವಾಗ ಕಪಾಟಿನ ಕಪ್ಪುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುವುದನ್ನು ಮರೆತೇಬಿಟ್ಟಿದ್ದೆ.

"ಪುಟದಲ್ಲಿ ಬರೆದ್ಯಾ?" ಈಗ ನಗು ಇರಲಿಲ್ಲ.

"ಇಲ್ಲ. ನಿನಗೆ ಮಾತ್ರ ಹೇಳಿದ್ದು."

ಅವಳು ಉಸಿರು ಬಿಟ್ಟಳು. "ಬರೆದಿದ್ರೆ ತೂರುನ್ ಕೀಲಿ ಕೊಟ್ಟುಬಿಡ್ತಿದ್ಲು ಮಾರಾಯ." ಆಮೇಲೆ, "ನಿಜವಾಗಿ ಎಲ್ಲಿದೆ?"

"ಹೊರಗೆ. ಲಂಗರು ಹಾಕಿದೆ."

"ಹಾಗಂತ ಬರಿ. ನಾನು ನೋಡದಿದ್ರೆ ಏನಂತೆ, ನೀನು ನೋಡು. ಬೆನ್ನು ಕಾಣೋವರೆಗೂ ನಿಂತು ನೋಡು. ಆಮೇಲೆ ಬರಿ."

"ಹೊರಗೇ ನಿಂತಿದೆ, ಮಂಜು" ಎಂದು ಬರೆದೆ. ಅವಳ ಕೈ ಹಿಡಿದು ಕ್ಷಮಿಸು ಅಂದೆ. ಕೇಳಿಸಿತೋ ಇಲ್ಲವೋ ತಿಳಿಯದು. ಮಾರನೆಯ ದಿನ ಹನ್ನೊಂದು ಗಂಟೆಗೆ ಅವಳು ಹೋದಳು. ಆಗಲೂ ಕಿಟಕಿಯ ಆಚೆ ಬರೀ ಬಿಳುಪು.

ಅದರ ಮರುದಿನ ಬೆಳಿಗ್ಗೆ, ಅವಳನ್ನು ಶವಪೆಟ್ಟಿಗೆಯಲ್ಲಿ ಮಲಗಿಸುವಾಗ ತೊಡಿಸಲು ಬಟ್ಟೆ ಹುಡುಕುತ್ತಿದ್ದೆ. ಫೆರಿಯ ದಿನಗಳ ನೀಲಿ ಸ್ವೆಟರು ಸಿಕ್ಕಿತು, ಮೊಣಕೈಗೆ ತೇಪೆ ಹಾಕಿತ್ತು. ಅದನ್ನು ಮಡಿಸುತ್ತಿದ್ದಾಗ ಅಡುಗೆಮನೆಯಲ್ಲಿ ಒಂದು ಕಪ್ಪು ಕಿಣಿ ಎಂದಿತು. ಆಮೇಲೆ ಆರೂ.

ಸ್ವೆಟರನ್ನು ಕೈಯಲ್ಲಿ ಹಿಡಿದುಕೊಂಡೇ ದಡಕ್ಕೆ ಓಡಿದೆ. ಮಂಜು ಚದುರಿತ್ತು. ಕಿಟಕಿಗಳಿಲ್ಲದ ನೀಲಿ ಗೋಡೆಯೊಂದು ಮನೆಗಳ ಮಾಡುಗಳ ಮೇಲಿಂದ ಮೆಲ್ಲಗೆ ಸರಿಯುತ್ತಿತ್ತು. ಫೆರಿ ದಡದಲ್ಲಿ ಕಾಯುತ್ತಿತ್ತು. ಬೆನ್ನು ಕಾಣುವವರೆಗೂ ನಿಂತೆ.

ಮನೆಗೆ ಬಂದು ಆ ಒಂದು ಪದ ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ರಾಗ್ನಿಯ ಫೋನು ಬಡಿದುಕೊಂಡಿತು.

"ನಾನು ತೂರುನ್. ಇದು ಬರೆದಿದ್ದು ಯಾರು? ರಾಗ್ನಿ ಎಲ್ಲಿ?"

ಹೇಳಿದೆ. ಅವಳು ಕೇಳಿದ್ದು ಒಂದೇ:

"ನೀವು ಕಣ್ಣಾರೆ ಕಂಡ್ರಾ?"

"ಕಂಡೆ."

"ಹಾಗಾದ್ರೆ ಕೀಲಿ ಕೊಡ್ತೀನಿ," ಎಂದಳು.