ಗಾಳೆಪ್ಪನವರ ಕಾವಲಿನಲ್ಲಿ ಎರಡು ಸಾಲಿನ ಭಜನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಸಪೇಟೆ ಆಚೆಯ ಜೈಲೊಂದರಲ್ಲಿ ವಾರ್ಡರ್ ಗಾಳೆಪ್ಪ ಡೋಲಕ್ಕನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾರೆ. ಹಾರ್ಮೋನಿಯಂ ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸುತ್ತಾರೆ, ಮೂಸಿಯೂ ನೋಡುತ್ತಾರೆ. "ಬೀಡಿ, ಬ್ಲೇಡು, ಸಿಮ್ ಕಾರ್ಡು, ಎಲ್ಲಾ ಹಿಂಗ ಬರ್ತಾವ್ರಿ. ನಂಬಿ ಕೆಟ್ಟೋರ್ನ ಭಾಳ ನೋಡೀನಿ," ಎನ್ನುತ್ತಾರೆ. ಇಷ್ಟು ಅನುಮಾನದ ಮನುಷ್ಯನೇ ಇಲ್ಲಿ ಭಜನೆ ಶುರುಮಾಡಿದ್ದು ಎಂದರೆ ನಂಬುವುದು ಕಷ್ಟ.

ಗಾಳೆಪ್ಪ ಕಡ್ಡಿರಾಂಪುರದವರು, ಒಂದು ಕಾಲಕ್ಕೆ ಊರ ಭಜನಾ ತಂಡದಲ್ಲಿ ತಾಳ ಹಾಕುತ್ತಿದ್ದವರು. ಕಾಲುವೆ ನೀರಿನ ಸರದಿಗಾಗಿ ಹೊಡೆದಾಡಿದ ಕಂಪ್ಲಿ ಕಡೆಯ ಎರಡು ಗುಂಪುಗಳು ಕೇಸು, ಪ್ರತಿಕೇಸು ಹಾಕಿಕೊಂಡು ಒಂದೇ ಬ್ಯಾರಕ್ಕಿಗೆ ಬಂದು ಬಿದ್ದಾಗ ಗಾಳೆಪ್ಪನವರಿಗೆ ಆ ಭಜನೆ ನೆನಪಾಯಿತು. ಒಂದು ಗುಂಪಿಗೆ ಉಚ್ಚೆಂಗೆಪ್ಪ ಹಿರಿಯ, ಇನ್ನೊಂದಕ್ಕೆ ಲಿಂಗರಾಜ್. ಊಟದ ತಟ್ಟೆಯೂ ಆಯುಧವಾಗುತ್ತಿದ್ದ ದಿನಗಳು. ಗಾಳೆಪ್ಪ ತಮ್ಮ ಜವಾಬ್ದಾರಿಯ ಮೇಲೆ ಅಧಿಕಾರಿಯ ಒಪ್ಪಿಗೆ ಪಡೆದು ಎರಡೂ ಗುಂಪುಗಳನ್ನು ಎದುರುಬದುರು ಸಾಲಾಗಿ ಕೂರಿಸಿದರು. ಒಂದು ಸಾಲು ಎತ್ತಿದ ನುಡಿಯನ್ನು ಇನ್ನೊಂದು ಸಾಲು ಹಿಡಿಯಬೇಕು, ಹಿಡಿಯದಿದ್ದರೆ ಭಜನೆ ಪದ ಅಲ್ಲಿಗೇ ನಿಲ್ಲುತ್ತದೆ. ತಿಂಗಳುಗಟ್ಟಲೆ ನಿಂತೇ ಇತ್ತು.

ಹೋದ ವಾರ ಎರಡೂ ಸಾಲು ಒಂದೇ ಉಸಿರಿನಲ್ಲಿ ಹಾಡಿಬಿಟ್ಟವು. ಬೇರೆಯವರಾದರೆ ಹಿಗ್ಗುತ್ತಿದ್ದರು. ಗಾಳೆಪ್ಪನವರಿಗೆ ಅನುಮಾನ ಬಂತು. "ಹಾವು ಮುಂಗ್ಸಿ ಕೂಡಿದ್ವು ಅಂದ್ರ ಗ್ವಾಡಿ ಹಾರಾಕ ಪ್ಲಾನ್ ಐತಿ ಅನ್ಕಂಡೆ." ಹಾಡು ನಿಲ್ಲಿಸಿ ಎಲ್ಲರ ಮೈ ತಡವಿದರು, ಹಾಸಿಗೆ ಕೊಡವಿಸಿದರು. ಬೆಟ್ಟ ಅಗೆದರೂ ಇಲಿ ಕೂಡ ಸಿಗಲಿಲ್ಲ.

"ಹಾಡಿದ್ರೂ ತಪ್ಪೇನ್ರಿ?" ಎಂದು ಉಚ್ಚೆಂಗೆಪ್ಪ ಗೋಡೆಗೆ ಮುಖ ಮಾಡಿ ಕೂತ. ಮರುದಿನದಿಂದ ಯಾರೂ ಬಾಯಿ ಬಿಡಲಿಲ್ಲ, ತಟ್ಟೆಗಳು ಮತ್ತೆ ಹಾರತೊಡಗಿದವು. ಇವತ್ತೂ ಹಾಡದಿದ್ದರೆ ಭಜನೆ ಬಂದ್ ಎಂದು ಅಧಿಕಾರಿ ಗದರಿದ್ದಾರೆ. ಗಾಳೆಪ್ಪನವರಿಗೆ ಹೇಳಿಕೊಳ್ಳಲಾಗದ ಸಂಕಟ. ಕಟ್ಟಿದ್ದೂ ತಾವೇ, ಕೆಡವಿದ್ದೂ ತಾವೇ.

ಹೀಗಾಗಿ ಇಂದು ಲಾಠಿ ಬದಿಗಿಟ್ಟು, ಎರಡು ಸಾಲಿನ ನಡುವೆ ಕುಳಿತು ತಾವೇ ನುಡಿ ಎತ್ತುತ್ತಾರೆ. ದನಿ ಒಡಕು, ಶ್ರುತಿ ಎತ್ತಲೋ. ಯಾರೂ ಹಿಡಿಯುವುದಿಲ್ಲ. ಮತ್ತೆ ಎತ್ತುತ್ತಾರೆ. "ಸಾಹೇಬ್ರ, ಬ್ಯಾಡ್ರಿ, ಕಿವಿ ನೋಯ್ತಾವು," ಎಂದ ಲಿಂಗರಾಜ್ ಸರಿಯಾದ ಧಾಟಿಯಲ್ಲಿ ಎತ್ತಿಕೊಡುತ್ತಾನೆ. ಉಚ್ಚೆಂಗೆಪ್ಪ ಗೋಡೆಯಿಂದ ಇತ್ತ ತಿರುಗಿ ನುಡಿ ಹಿಡಿಯುತ್ತಾನೆ, ಹಿಂದೆಯೇ ಅವನ ಸಾಲು. ಹಾಡುತ್ತಲೇ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ.

"ನನ್ನ ನೋಡಿ ನಕ್ರೋ, ಏನರ ಮಸಲತ್ತು ನಡದೈತೋ, ಯಾರಿಗ್ಗೊತ್ರಿ," ಎನ್ನುತ್ತಾರೆ ಗಾಳೆಪ್ಪ, ಹೊರಗೆ ಬಂದು ಬೆವರೊರೆಸಿಕೊಳ್ಳುತ್ತ. "ಯಾಕ ನಕ್ರಲೇ ಅಂತ ಕೇಳಾಕ ಬಾಯಿ ತನಕ ಬಂದಿತ್ತು. ಕೇಳ್ಲಿಲ್ಲ. ನನ್ನ ಸರ್ವಿಸ್ನ್ಯಾಗ ಇದ ಮೊದಲ್ರಿ."