ಹೆಗಲ ಮೇಲೆ ಹೊತ್ತು ತಂದವರು

ಕಳೆದ ವರ್ಷ ಗಣರಾಜ್ಯೋತ್ಸವದ ದಿನ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ನಿವೃತ್ತ ಹವಾಲ್ದಾರ್ ಶೇಖರ ಪೂಜಾರಿಯವರಿಗೆ ಸನ್ಮಾನವಿತ್ತು. ಅವರು ಉಡುಪಿ ಕಡೆಯವರು. ಮನೆ ಠಾಣೆಯ ವರ್ತಕ ನಗರದಲ್ಲಿ. ಸೈನ್ಯ ಬಿಟ್ಟ ಮೇಲೆ ರಬಾಳೆಯ ಕಂಪನಿಯೊಂದರಲ್ಲಿ ಸೆಕ್ಯೂರಿಟಿ ಆಫೀಸರ್. ಕಾರ್ಗಿಲ್ ಯುದ್ಧದಲ್ಲಿ ಶೌರ್ಯ ಪದಕ ಪಡೆದವರೊಬ್ಬರು ನಮ್ಮಂತೆಯೇ ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಓಡಾಡುತ್ತಿದ್ದಾರೆಂಬುದು ನಮಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ನಮ್ಮ ಸಂಘದ ಸನ್ಮಾನವೆಂದರೆ ಕೇಳಬೇಕೆ? ಗಂಡ ಹೆಂಡತಿಯನ್ನು ಜೊತೆಯಾಗಿ ಕುರ್ಚಿಯಲ್ಲಿ ಕೂರಿಸಿ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಆ ಪೇಟ ಯಾರ ತಲೆಗಾದರೂ ಸರಿಯಾಗಿ ಕೂತದ್ದನ್ನು ನಾನಂತೂ ಕಂಡಿಲ್ಲ. ಪೂಜಾರಿಯವರದ್ದು ಕಿವಿಯವರೆಗೆ ಇಳಿದಿತ್ತು. ಅಭಿನಂದನಾ ಭಾಷಣ ನಮ್ಮ ಅಧ್ಯಕ್ಷರದು. ಮೈಕು ಸಿಕ್ಕರೆ ಅವರು ಉಪ್ಪು ಖಾರ ಹಚ್ಚದೆ ಬಿಡುವವರಲ್ಲ.

"ಹೆಗಲಿಗೆ ಗುಂಡು ತಾಗಿದ್ದರೂ ಲೆಕ್ಕಿಸದೆ, ಗಾಯಗೊಂಡ ಗೆಳೆಯ ಬಸವರಾಜನನ್ನು ಹೊತ್ತು ಬೆಟ್ಟ ಇಳಿದು, ಅವನ ಪ್ರಾಣ ಉಳಿಸಿದ ವೀರ ಇವರು!" ಎಂದರು. ಸಭೆಯೆಲ್ಲ ಚಪ್ಪಾಳೆ.

ಪೂಜಾರಿಯವರು ಎದ್ದು ನಿಂತರು. ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡು ಮೈಕಿನ ಹತ್ತಿರ ಬಂದರು.

"ಸ್ವಲ್ಪ ನಿಲ್ಲಿ ಮಾರಾಯ್ರೆ, ಹಾಗಲ್ಲ ಅದು. ಬಸವರಾಜ ಬದುಕ್ಲಿಲ್ಲ. ದಾರಿಯಲ್ಲಿ ನೀರು ಕೇಳ್ತಾ ಇದ್ದ. ನನ್ನ ಬಾಟ್ಲಿ ಗುಂಡು ತಾಗಿ ಒಡೆದು ಹೋಗಿತ್ತು, ಒಂದು ಹನಿ ಕೊಡ್ಲಿಕ್ಕೆ ಆಗ್ಲಿಲ್ಲ. ಕೆಳಗೆ ಮುಟ್ಟುವಾಗ ಜೀವ ಇರ್ಲಿಲ್ಲ. ನೀವು ನನ್ನನ್ನು ವೀರ ಅಂತೀರಿ. ಅವನ ಮನೆಯವರಿಗೆ ಮುಖ ತೋರಿಸ್ಲಿಕ್ಕೆ ನಂಗೆ ಇವತ್ತಿನವರೆಗೂ ಧೈರ್ಯ ಬರ್ಲಿಲ್ಲ."

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ಪಕ್ಕದಲ್ಲಿದ್ದ ಮಗಳು "ಮಮ್ಮಿ, ಬೈಠೋ ನಾ" ಎಂದು ಕೂರಿಸಲು ಸೆರಗು ಎಳೆದರೂ ಕೇಳದೆ ನೇರ ವೇದಿಕೆಗೆ ಬಂದರು.

"ನಾ ಬಸವರಾಜ ಅವರ ಮನ್ಯಾಕಿ ರೀ. ಕಲ್ಯಾಣದಾಗ ಮಗಳ ಕೂಡ ಇರ್ತೀನಿ. ವಾಟ್ಸಾಪಿನಾಗ ನಿಮ್ಮ ಹೆಸರು ನೋಡಿ ಬಂದೆ."

ಪೂಜಾರಿಯವರು ಕೈ ಮುಗಿದರು. ಆಕೆ ಬೈಯುತ್ತಾರೋ, ಅಳುತ್ತಾರೋ ಎಂದು ನನಗೆ ಹೆದರಿಕೆಯಾಯಿತು.

"ಅಣ್ಣಾರ, ಆ ಗುಡ್ಡದ ಮ್ಯಾಲ ಬಿಟ್ಟು ಬಂದಿದ್ರ ನಿಮ್ಮನ್ನ ಯಾರು ಕೇಳ್ತಿದ್ರು? ನೀವು ಹೊತ್ತು ತಂದ್ರಿ ಅಂತ ನಾ ಅವರ ಮಾರಿ ನೋಡಿ ಕಳಿಸಿಕೊಟ್ಟೆ. ಇದನ್ನ ಹೇಳಾಕಂತನ ಬಂದೀನಿ ರೀ."

ಪೂಜಾರಿಯವರು ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾವೂ ಅತ್ತೆವು.

ಮುಂದಿನದು ಮಹಿಳಾ ವಿಭಾಗದ ನನ್ನ ಕೆಲಸ. ಸನ್ಮಾನಿತರ ಹೆಂಡತಿಗೆ ಅರಿಶಿನ ಕುಂಕುಮ ಕೊಟ್ಟು ಹೂ ಮುಡಿಸಬೇಕು. ತಟ್ಟೆ ಹಿಡಿದು ಮಂಕಾಗಿ ನಿಂತಿದ್ದೆ. ಪೂಜಾರಿಯವರ ಹೆಂಡತಿ ಎದ್ದು ಬಂದು ಬಸವರಾಜನ ಹೆಂಡತಿಯ ಕೈ ಹಿಡಿದು ತನ್ನ ಕುರ್ಚಿಯಲ್ಲೇ ಕೂರಿಸಿದರು. ನನ್ನ ತಟ್ಟೆಯಿಂದ ಮಲ್ಲಿಗೆ ಎತ್ತಿ, "ಇದು ನಿಮಗೆ ಸೇರಬೇಕಾದ್ದು ಅಕ್ಕ" ಎಂದು ಆಕೆಯ ತಲೆಗೆ ಮುಡಿಸಿದರು. ಗಂಡ ತೀರಿದವರಿಗೆ ಹೂ ಮುಡಿಸುವ ಮೊದಲು ನಮ್ಮವರು ಇಂದಿಗೂ ನಾಲ್ಕು ಜನರ ಮುಖ ನೋಡುತ್ತಾರೆ. ಅವರು ಯಾರ ಮುಖವನ್ನೂ ನೋಡಲಿಲ್ಲ. ಆಕೆಯೂ ಬೇಡವೆನ್ನಲಿಲ್ಲ.

ಚಪ್ಪಾಳೆ ಬೀಳುತ್ತಿರುವಾಗಲೇ ತಡೆದು "ಹಾಗಲ್ಲ ಅದು" ಎನ್ನಲು ಎಂಥ ಎದೆಗಾರಿಕೆ ಬೇಕು ಎಂದು ನಾನು ಈಗಲೂ ಯೋಚಿಸುತ್ತೇನೆ. ಪೂಜಾರಿಯವರು ಹೊಗಳಿಕೆ ಕೇಳುತ್ತ ಸುಮ್ಮನೆ ಕೂತಿದ್ದರೆ, ಆಕೆ ಬಹುಶಃ ಮಾತಾಡದೆ ಕಲ್ಯಾಣದ ಟ್ರೇನು ಹತ್ತಿಬಿಡುತ್ತಿದ್ದರು.