ಬೆಟ್ಟಮ್ಮನ ಸ್ಲೈಡು

ಮೊಸಳೆ ಎಂಬ ಊರಿನ ಬೆಟ್ಟಮ್ಮ ಓದಿದ್ದು ಏಳನೇ ಕ್ಲಾಸು. ಆದರೆ ಹಾಸನದ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಮೈಕ್ರೋಸ್ಕೋಪಿಗೆಂದು ಅವಳು ಮಾಡಿಟ್ಟ ಗಾಜಿನ ಸ್ಲೈಡನ್ನು ಎಂ.ಎಸ್ಸಿ. ಮುಗಿಸಿದವರೂ ತಿದ್ದಲು ಹೋಗುತ್ತಿರಲಿಲ್ಲ. ಹೆಸರಿಗೆ ಅಟೆಂಡರ್, ಗಾಜು ತೊಳೆಯಬೇಕು, ಬೆಂಚು ಒರೆಸಬೇಕು. ಅದರ ನಡುವೆಯೇ ನೋಡಿ ನೋಡಿ ಕಲಿತಿದ್ದಳು. ಕ್ಯಾರೆಟ್ ತುಂಡನ್ನು ಸೀಳಿ, ಮರದಣಬೆಯ ಚೂರನ್ನು ಅಲುಗದಂತೆ ಅದರಲ್ಲಿ ಸಿಕ್ಕಿಸಿ, ಅರ್ಧ ಬ್ಲೇಡಿನಲ್ಲಿ ಕೊಯ್ದಳೆಂದರೆ ಈರುಳ್ಳಿಯ ಪೊರೆಯೂ ಅದರ ಮುಂದೆ ದಪ್ಪ.

ಮರದಣಬೆಯ ಹುಚ್ಚು ಹತ್ತಿಸಿದ್ದು ಹೊಳೆನರಸೀಪುರದಿಂದ ಬಂದ ಲೆಕ್ಚರರ್ ಹಂಸ ಮೇಡಂ. ಮರದ ಮೇಲೆ ಬೆಳೆಯುವ ಅಣಬೆಗಳು ಹೊರಗಿನಿಂದ ಒಂದರಂತೆ ಒಂದು ಕಂಡು ಯಾಮಾರಿಸುತ್ತವೆ, ನಿಜ ಹೇಳುವುದು ಅವುಗಳ ಬೀಜಾಣು, ಅಂದರೆ ಕಣ್ಣಿಗೆ ಹುಡಿಯಂತೆ ಕಾಣುವ ಬೀಜ, ಎಂದು ಅವರೇ ತೋರಿಸಿಕೊಟ್ಟರು. ಮೈಕ್ರೋಸ್ಕೋಪಿನಲ್ಲಿ ಕಂಡ ಒಂದೊಂದು ಆಕಾರವನ್ನೂ ಬೆಟ್ಟಮ್ಮ ಹಳೇ ಉತ್ತರ ಪತ್ರಿಕೆಗಳ ಹಿಂಬದಿಯಲ್ಲಿ ಬರೆದಿಡುತ್ತಿದ್ದಳು. "ಮೈ ನೋಡಿ ಮೋಸ ಓಗಬೋದು ಕಣಮ್ಮ, ಬೀಜ ನೋಡಿ ಓಗಕ್ಕಾಗಲ್ಲ" ಎಂದು ವಿದ್ಯಾರ್ಥಿನಿಯರಿಗೆ ಪಾಠವನ್ನೂ ಹೇಳುತ್ತಿದ್ದಳು. ಜಂಬ ಇತ್ತು, ಇಲ್ಲವೆನ್ನಲಾರೆ. ಕೈಯಲ್ಲಿ ಕಸುಬಿದ್ದವರಿಗೆ ಅಷ್ಟು ಜಂಬ ಇರಬೇಕಾದದ್ದೇ.

೧೯೯೯ರಲ್ಲಿ ಚನ್ನರಾಯಪಟ್ಟಣದ ಕಡೆಯ ಪಂಚಾಕ್ಷರಯ್ಯ ಎಂಬ ತೆಂಗಿನ ತೋಟದವರು ಬಂದರು. ಅಣಬೆ ರೋಗಕ್ಕೆ ಅವರ ಎರಡು ಮರ ಹೋಗಿದ್ದವು. ಈಗ ಇನ್ನೆಂಟು ಮರಗಳಲ್ಲಿ, ಹತ್ತಲು ಕಡಿದ ಕಚ್ಚುಗಳೊಳಗೆ, ಸಣ್ಣ ಅಣಬೆ ಎದ್ದಿತ್ತು. ಅದೂ ರೋಗದ್ದೇ ಆದರೆ ಎಂಟನ್ನೂ ಕಡಿದು ಸುಡಬೇಕು, ಇಲ್ಲದಿದ್ದರೆ ತೋಟಕ್ಕೆಲ್ಲ ಹಬ್ಬುತ್ತದೆ. ಬುಧವಾರ ಬೆಟ್ಟಮ್ಮ ಹೋಗಿ, ಹೋಲಿಸಿ ನೋಡಲು ಸತ್ತ ಮರದ ಬುಡದ ದೊಡ್ಡ ಅಣಬೆಯನ್ನೂ ಎಂಟು ಸಣ್ಣವನ್ನೂ ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಂದಳು. ಸಣ್ಣ ಅಣಬೆಗಳ ಬೆನ್ನ ಮೇಲಿನ ಹುಡಿಯನ್ನು ಕೆರೆದು ಸ್ಲೈಡು ಮಾಡಿದಳು. ಕಂದು ಬಣ್ಣ, ಎರಡು ಪದರದ ಗೋಡೆ, ಒಂದು ತುದಿ ಕುಯ್ದಂತೆ ಮೊಂಡು. ರೋಗದ ಅಣಬೆಯ ಬೀಜಾಣುವೇ, ಎಂಟರಲ್ಲೂ. ಹಂಸ ಮೇಡಂ ನೋಡಿ, ಹೌದೆಂದು ಕಾಗದ ಬರೆದು ಕಳಿಸಿದರು. ಪಂಚಾಕ್ಷರಯ್ಯ ಸೋಮವಾರಕ್ಕೆ ಮರ ಕಡಿಯುವವರನ್ನು ಗೊತ್ತುಮಾಡಿದರು.

ಶನಿವಾರ ಮಧ್ಯಾಹ್ನ ಚೀಲ ಒಗೆಯೋಣವೆಂದು ಬೆಟ್ಟಮ್ಮ ಅದರ ಒಳಮಗ್ಗುಲನ್ನು ಹೊರಕ್ಕೆ ತಿರುವಿದಳು. ಹೊಲಿಗೆಯ ತುಂಬ ಕಾಫಿಪುಡಿಯಂಥ ಹುಡಿ. ಸಣ್ಣವನ್ನು ಕೆಳಗೆ ಹಾಕಿ ದೊಡ್ಡದನ್ನು ಮೇಲಿಟ್ಟವಳು ತಾನೇ. ದಾರಿಯುದ್ದಕ್ಕೂ ಬಸ್ಸು ಕುಲುಕಿದ ಹಾಗೆಲ್ಲ ದೊಡ್ಡದರ ಹುಡಿ ಸಣ್ಣವುಗಳ ಬೆನ್ನ ಮೇಲೆ ಸುರಿದಿತ್ತು. ರಾಗಿ ಚೀಲದಲ್ಲಿ ಅಕ್ಕಿ ತಂದು, ಈ ಅಕ್ಕಿಯೇ ಕೆಂಪು ಎಂದ ಹಾಗಾಗಿತ್ತು ಅವಳ ಸ್ಲೈಡು.

ಹಂಸ ಮೇಡಂ ಊರಿಗೆ ಹೋಗಿದ್ದರು. ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಮರ ಹೋಗುತ್ತದೆ, ಹೆಸರು ಉಳಿಯುತ್ತದೆ. ಆ ಯೋಚನೆ ಅವಳಿಗೂ ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಭಾನುವಾರ ಬೆಳಗ್ಗೆ ಬಸ್ಸು ಹತ್ತಿದಳು.

"ಅಯ್ಯೋರೆ, ನಾಳೆ ಮರ ಕಡೀಬ್ಯಾಡಿ" ಎಂದಳು ತೋಟದಲ್ಲಿ ನಿಂತು.

"ಯಾಕಮ್ಮ? ಮೇಡಮ್ಮೋರೇ ಬರೆದವ್ರಲ್ಲ."

"ಅವರು ಬರೆದಿದ್ದು ನನ್ ಸ್ಲೈಡು ನೋಡಿ. ಎಲ್ಲಾನೂ ಒಂದೇ ಚೀಲಕ್ಕಾಕಿ ಕೆಡಿಸ್ಬುಟ್ಟೆ. ತಪ್ಪು ನಂದು."

ಪಂಚಾಕ್ಷರಯ್ಯ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಕಸ ಗುಡಿಸೋಳ ಮಾತು ಕೇಳಿ ನಾನು ಆಳುಗಳ್ನ ನಿಲ್ಲಿಸ್ಲಾ?"

ಮಾತು ಚುಚ್ಚಿತು. ಬೆಟ್ಟಮ್ಮ ತಲೆ ತಗ್ಗಿಸಲಿಲ್ಲ. "ಸ್ಲೈಡು ಮಾಡೋಳ ಮಾತು ಕೇಳಿ ನಿಲ್ಸಿ. ಮಂಗಳವಾರದ ಗಂಟ ಸಾಕು. ಕಡಿದ ಮರಾನ ನಿಲ್ಸಕ್ಕೆ ನನ್ ಕೈಲೂ ಆಗಲ್ಲ, ಮೇಡಮ್ಮೋರ ಕೈಲೂ ಆಗಲ್ಲ."

ಅವರು ಏಣಿ ತಂದು ಮರಕ್ಕೆ ಒರಗಿಸಿದರು. ಎಂಟು ಮರದಿಂದಲೂ ಹೊಸ ಅಣಬೆ ಬಿಡಿಸಿ, ಒಂದೊಂದನ್ನೂ ಬೇರೆ ಬೇರೆ ಪೇಪರಿನಲ್ಲಿ ಮಡಿಸಿಕೊಂಡಳು. ಮನೆಗೆ ಬಂದು ಅವನ್ನು ಹೊಟ್ಟೆ ಕೆಳಗಾಗುವಂತೆ ಅರ್ಧ ಬಿಳಿ ಹಾಳೆ, ಅರ್ಧ ಕಪ್ಪು ಹಾಳೆಯ ಮೇಲೆ ಬರುವ ಹಾಗಿಟ್ಟು ಸ್ಟೀಲ್ ಬಟ್ಟಲು ಮುಚ್ಚಿದಳು. ಅಣಬೆ ತನ್ನ ಬೀಜವನ್ನು ಉದುರಿಸುವುದು ಹೊಟ್ಟೆಯಿಂದ. ಬೆನ್ನ ಮೇಲಿರುವುದು ಯಾರ ಮನೆಯದೋ ಧೂಳು. ಬೆಳಗ್ಗೆ ಬಟ್ಟಲು ಎತ್ತಿದರೆ ಕಪ್ಪು ಹಾಳೆಯ ಮೇಲೆ ಬಿಳಿಯ ಹುಡಿ. ಬಿಳಿ ಹಾಳೆಯ ಮೇಲೆ ಕಂದು ಬಣ್ಣದ ಸುಳಿವೇ ಇಲ್ಲ.

ಸೋಮವಾರ ಹಂಸ ಮೇಡಂ ಆ ಹುಡಿಯಿಂದ ಮಾಡಿದ ಎಂಟು ಸ್ಲೈಡನ್ನೂ ನೋಡಿದರು. ಸಣ್ಣಗೆ, ನುಣ್ಣಗೆ, ಬಣ್ಣವಿಲ್ಲದ ಬೀಜಾಣು. ಒಂದಕ್ಕೂ ಮೊಂಡು ತುದಿಯಿಲ್ಲ. ಒಣ ಕಚ್ಚನ್ನಷ್ಟೇ ತಿಂದು ಬದುಕುವ ಸಾಧು ಅಣಬೆ.

"ತಪ್ಪಾಯ್ತು ಮೇಡಮ್ಮೋರೆ" ಎಂದಳು.

"ಎಲ್ಲಿಂದ ಕೆರೆದ್ರಿ ಅಂತ ಕೇಳದೆ ಸಹಿ ಹಾಕ್ದವಳು ನಾನಲ್ವಾ ಬೆಟ್ಟಮ್ಮ" ಎಂದು ಅವರು ಹೊಸ ಕಾಗದ ಬರೆಯಲು ಕೂತರು. ಎಂಟು ಮರ ಉಳಿದವು. ಆಮೇಲಿನ ವರ್ಷಗಳಲ್ಲೂ ಕಾಯಿ ಬಿಟ್ಟವು.

೨೦೦೪ರಲ್ಲಿ ಒಂದು ದಿನ ಅರಕಲಗೂಡಿನ ಕಡೆಯ ರೈತರಿಬ್ಬರು ವಿಭಾಗದ ಬಾಗಿಲಲ್ಲಿ ನಿಂತರು. ಕೈಯಲ್ಲಿ ಬೇರೆ ಬೇರೆ ಪೇಪರಿನಲ್ಲಿ ಮಡಿಸಿದ ಅಣಬೆ. ಹಂಸ ಮೇಡಂ ಕೈ ಚಾಚಿದರೂ ಕೊಡಲಿಲ್ಲ.

"ಬ್ಯಾಸರ ಮಾಡ್ಕಬ್ಯಾಡಿ. ತಪ್ಪು ಮಾಡ್ದೆ ಅಂತ ತ್ವಾಟಕ್ಕೇ ಬಂದು ಯೋಳಿದ್ರಂತಲ್ಲ, ಆ ಅಮ್ಮೋರು ಯಾರು? ಅವರ ಕೈಗೇ ಕೊಡಿ ಅಂದವ್ರೆ ಪಂಚಾಕ್ಷರಯ್ಯನೋರು."

ಬೆಂಚು ಒರೆಸುತ್ತಿದ್ದ ಬೆಟ್ಟಮ್ಮ ಬಟ್ಟೆಯನ್ನು ಪಕ್ಕಕ್ಕಿಟ್ಟು ಕೈ ತೊಳೆದುಕೊಂಡಳು.

"ನಾನೇ ಕಣಣ್ಣ, ತನ್ನಿ" ಎಂದಳು.